ರಜಿಯಾ: ದಿಲ್ಲಿ ಒಪ್ಪಿಕೊಂಡ ಹೆಸರು

ಮಕ್ಕಳ ಬೇಸಿಗೆ ರಜೆ, ಊರ ಕಟ್ಟೆಯ ರಾಜಿ ಪಂಚಾಯಿತಿ, ಮಂತ್ರಿಯ ರಾಜೀನಾಮೆ. ಈ ಮೂರು ಮಾತು ಕಿವಿಗೆ ಬೀಳದೆ ಕನ್ನಡನಾಡಿನಲ್ಲಿ ಒಂದು ವರ್ಷವೂ ಕಳೆಯುವುದಿಲ್ಲ. ಮೂರಕ್ಕೂ ಬೇರು ಒಂದೇ. ರೇ, ದ್ವಾದ್, ವಾವ್ ಎಂಬ ಮೂರು ಅರಬ್ಬಿ ಅಕ್ಷರ ಕೂಡಿದ ಧಾತು ಅದು. ಒಪ್ಪುವುದು, ಸಮ್ಮತಿಸುವುದು, ಮನಸ್ಸು ತಣಿಯುವುದು ಅದರ ಅರ್ಥ. ಮೇಲಿನವರು ಒಪ್ಪಿ ಬಿಟ್ಟುಕೊಟ್ಟ ದಿನ ರಜೆಯಾಯಿತು. ಎರಡು ಕಡೆಯವರೂ ಒಪ್ಪಿದಾಗ ರಾಜಿಯಾಯಿತು. ಮುಂಬಯಿ ಕರ್ನಾಟಕದ ರೈತ ತನ್ನ ಹೆಸರಿನ ಜಮೀನನ್ನು ಸ್ವಸಂತೋಷದಿಂದ ಬಿಟ್ಟಿದ್ದೇನೆ ಎಂದು ಸರ್ಕಾರಕ್ಕೆ ಬರೆದುಕೊಟ್ಟ ಕಾಗದ ರಾಜೀನಾಮೆ. ಅದನ್ನು ಪಡೆಯುವವನು ಬರೆದುಕೊಡುತ್ತಿದ್ದದ್ದು ಕಬೂಲಾಯತು. ಹಿಂದಿಯಲ್ಲಿ ರಾಜೀನಾಮೆ ಎಂದರೆ ಇವತ್ತಿಗೂ ಒಪ್ಪಂದದ ಪತ್ರ. ನಮ್ಮಲ್ಲಿ ಅದು ಬಿಟ್ಟುಕೊಡುವ ಪತ್ರವಾಗಿ ಕುರ್ಚಿಯ ತನಕ ಬಂತು.

ಅದೇ ಬೇರಿನಿಂದ ಚಿಗುರಿದ ಇನ್ನೊಂದು ಪದ ಹೆಣ್ಣುಮಗುವಿನ ಹೆಸರು: ರಜಿಯಾ. ಒಪ್ಪಿತಳಾದವಳು, ತೃಪ್ತಳು, ದೇವರ ಮೆಚ್ಚುಗೆಗೆ ಪಾತ್ರಳಾದವಳು ಎಂದು ನಿಘಂಟು ಹೇಳುತ್ತದೆ. ಈ ಹೆಸರನ್ನು ಹೊತ್ತ ಅಸಂಖ್ಯ ಹೆಂಗಸರಲ್ಲಿ ಒಬ್ಬಳು 1236ರಿಂದ 1240ರವರೆಗೆ ದಿಲ್ಲಿಯನ್ನು ಆಳಿದಳು. ಹೆಸರಿನ ಅರ್ಥವನ್ನೂ ಆಕೆಯ ಬದುಕನ್ನೂ ಒಟ್ಟಿಗೆ ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಸೈನ್ಯದ ಬಲ, ಅಮೀರರ ಒಳಸಂಚು, ಅಣ್ಣತಮ್ಮಂದಿರ ಕೊಲೆ ಇವುಗಳಿಂದಲೇ ಗಾದಿ ಕೈಬದಲಾಗುತ್ತಿದ್ದ ಕಾಲದಲ್ಲಿ ಊರಿನ ಜನರ ಒಪ್ಪಿಗೆಯನ್ನು ಬಹಿರಂಗವಾಗಿ ಕೇಳಿ ಪಟ್ಟಕ್ಕೆ ಬಂದವಳು ರಜಿಯಾ. ಆ ಒಪ್ಪಿಗೆಯ ಕಥೆಯನ್ನು ಮರೆತು, ಬೇರೆಯವರು ಕಟ್ಟಿದ ಗಾಳಿಮಾತನ್ನಷ್ಟೇ ನಾವು ನೆನಪಿಟ್ಟುಕೊಂಡಿದ್ದೇವೆ. ಇದು ಸರಿಯಾಗಬೇಕು.

ದ್ವಾದ್ ಅಕ್ಷರದ ಪಯಣ

ಅರಬರ ಬಾಯಲ್ಲಿ ಈ ಹೆಸರು ರದಿಯ್ಯಾ. ನಡುವಿನ ದ್ವಾದ್ ಅವರ ಭಾಷೆಗೇ ವಿಶಿಷ್ಟವಾದ ಗಟ್ಟಿ ದಕಾರ. ಪಾರಸಿಯವರಿಗೆ ಅದು ನಾಲಿಗೆಗೆ ಒಗ್ಗಲಿಲ್ಲ, ಜ಼ ಎಂದರು. ಉರ್ದು ಅದನ್ನೇ ಹಿಡಿಯಿತು. ಜ಼ಕಾರವಿಲ್ಲದ ಕನ್ನಡ ಅದನ್ನು ಜಕಾರ ಮಾಡಿಕೊಂಡಿತು. ರಮದಾನ್ ರಮಜ಼ಾನ್ ಆಗಿ ನಮ್ಮಲ್ಲಿ ರಂಜಾನ್ ಆದದ್ದು ಈ ದಾರಿಯಲ್ಲೇ. ಅರಬ್ಬಿಯ ಹಾದಿರ್ ಎಂಬುದು ಪಾರಸಿಯಲ್ಲಿ ಹಾಜ಼ಿರ್ ಆಗಿ, ನಮ್ಮ ಶಾಲೆಯ ಪುಸ್ತಕಕ್ಕೆ ಹಾಜರಿಯಾಗಿ ಬಂದದ್ದೂ ಹೀಗೆಯೇ. ಇಂದು ಇರಾನಿನಲ್ಲಿ ರಜ಼ಿಯೆ, ತುರ್ಕಿಯಲ್ಲಿ ರಜ಼ಿಯೆ, ಬೋಸ್ನಿಯಾದಲ್ಲಿ ರಜ಼ಿಯಾ ಎನ್ನುತ್ತಾರೆ. ಕಲಬುರಗಿ, ವಿಜಯಪುರದ ದಖನಿ ಮನೆಗಳಲ್ಲಿ ರಜಿಯಾ ಬೇಗಂ, ರಜಿಯಾ ಬಾನು. ಮಂಗಳೂರಿನ ಬ್ಯಾರಿಗಳಲ್ಲಿ ಬರೆಯುವಾಗ ಝಕಾರ ಹಾಕಿ ರಝಿಯಾ. ಚಂದ್ರಗಿರಿ ಹೊಳೆ ದಾಟಿ ಮಲಯಾಳದ ಕಡೆ ನಡೆದರೆ ಅದೇ ಹೆಸರು ರಸಿಯಾ.

ಹೆಸರಿನ ಬಳಗವೂ ದೊಡ್ಡದು. ರಜಾ, ರಜಿ, ರಿಜ್ವಾನ್, ಮುರ್ತಜಾ ಎಂಬ ಗಂಡಸರ ಹೆಸರುಗಳು, ರಿಜ್ವಾನಾ, ಮರ್ಜಿಯಾ ಎಂಬ ಹೆಂಗಸರ ಹೆಸರುಗಳು ಎಲ್ಲವೂ ಇದೇ ಧಾತುವಿನವು. ಕುರ್‌ಆನಿನ 89ನೆಯ ಅಧ್ಯಾಯ ಅಲ್-ಫಜ್ರ್. ಅದರ ಕೊನೆಯ ಭಾಗದಲ್ಲಿ ನೆಮ್ಮದಿಗೊಂಡ ಆತ್ಮವನ್ನು ಕರೆಯುವಾಗ ರಾಜಿಯಾ, ಮರ್ಜಿಯಾ ಎಂಬ ಎರಡು ಪದಗಳು ಜೊತೆಯಾಗಿ ಬರುತ್ತವೆ. ತಾನು ದೇವರನ್ನು ಒಪ್ಪಿದ್ದು ಒಂದು, ದೇವರು ತನ್ನನ್ನು ಒಪ್ಪಿದ್ದು ಇನ್ನೊಂದು. ಶಿಯಾ ಸಂಪ್ರದಾಯದಲ್ಲಿ ಪ್ರವಾದಿಯವರ ಮಗಳು ಫಾತಿಮಾರಿಗೆ ಇರುವ ಗೌರವನಾಮಗಳಲ್ಲೂ ಈ ಎರಡೂ ಇವೆ. ಮಗು ಹುಟ್ಟಿದ ಏಳನೆಯ ದಿನ ಅಕೀಕಾ ಮಾಡಿ ಹೆಸರಿಡುವ ಅಜ್ಜ, ಅಜ್ಜಿಯರಿಗೆ ಈ ಹೆಸರು ಯಾಕೆ ಪ್ರಿಯವಾಯಿತು ಎಂಬುದು ಇಲ್ಲಿ ತಿಳಿಯುತ್ತದೆ. ಎರಡೂ ಕಡೆಯ ಒಪ್ಪಿಗೆ ಸಿಕ್ಕ ಬದುಕಿಗಿಂತ ದೊಡ್ಡ ಹರಕೆ ಯಾವುದಿದೆ?

ಬಣ್ಣದ ಉಡುಪಿನ ಅಹವಾಲು

ರಜಿಯಾಳ ತಂದೆ ಇಲ್ತುತ್‌ಮಿಶ್ ಗುಲಾಮನಾಗಿ ಮಾರಾಟವಾಗಿ ಬಂದು ಸುಲ್ತಾನನಾದವನು. ಗ್ವಾಲಿಯರ್ ಗೆದ್ದು ಹಿಂತಿರುಗಿದ ಮೇಲೆ ಮಗಳನ್ನು ಉತ್ತರಾಧಿಕಾರಿಯೆಂದು ಬರೆಯುವಂತೆ ಅಧಿಕಾರಿಗೆ ಹೇಳಿದ. ಪ್ರಾಯಕ್ಕೆ ಬಂದ ಗಂಡುಮಕ್ಕಳಿರುವಾಗ ಹೆಣ್ಣಿಗೆ ಪಟ್ಟವೇ ಎಂದು ಅಮೀರರು ಆಕ್ಷೇಪಿಸಿದಾಗ, ಗಂಡುಮಕ್ಕಳು ಭೋಗದಲ್ಲಿ ಮುಳುಗಿದ್ದಾರೆ, ರಾಜ್ಯವಾಳುವ ಯೋಗ್ಯತೆ ಈಕೆಗಷ್ಟೇ ಇದೆ ಎಂದು ಉತ್ತರಿಸಿದನಂತೆ. ಇದನ್ನು ಬರೆದಿಟ್ಟವನು ಅದೇ ಕಾಲದಲ್ಲಿ ಬಾಳಿದ ಮಿನ್ಹಾಜ್-ಇ-ಸಿರಾಜ್. ಅವನ ‘ತಬಕಾತ್-ಇ-ನಾಸಿರಿ’ 1260ರದು.

1236ರಲ್ಲಿ ಇಲ್ತುತ್‌ಮಿಶ್ ತೀರಿಕೊಂಡ. ಅಮೀರರು ಅವನ ಇಚ್ಛೆಯನ್ನು ಬದಿಗಿಟ್ಟು ಮಗ ರುಕ್ನುದ್ದೀನ್ ಫಿರೂಜ್‌ನನ್ನು ಕೂರಿಸಿದರು. ಆಡಳಿತ ಅವನ ತಾಯಿ ಷಾ ತುರ್ಕಾನಳ ಕೈಗೆ ಹೋಯಿತು. ಒಬ್ಬ ರಾಜಕುಮಾರನ ಕಣ್ಣು ಕೀಳಿಸಿ ಕೊಲ್ಲಿಸಿದರು. ಮುಂದಿನ ಸರದಿ ರಜಿಯಾಳದು ಎಂಬುದು ಎಲ್ಲರಿಗೂ ಗೊತ್ತಿತ್ತು.

ಆಗ ಆಕೆ ಮಾಡಿದ್ದನ್ನು ದಿಲ್ಲಿ ನೆನಪಿಟ್ಟುಕೊಂಡಿತು. ಸುಮಾರು ನೂರು ವರ್ಷಗಳ ನಂತರ, 1334ರಲ್ಲಿ ಈ ನಗರಕ್ಕೆ ಬಂದ ಮೊರಾಕೊದ ಪ್ರವಾಸಿ ಇಬ್ನ್ ಬತೂತನ ಕಿವಿಗೆ ಆ ಕಥೆ ಬಿತ್ತು. ಇಲ್ಲಿನ ಜನ ಬಿಳಿ ಬಟ್ಟೆ ಉಡುವವರು. ಅನ್ಯಾಯಕ್ಕೆ ಒಳಗಾದವರು ಬಣ್ಣದ ಬಟ್ಟೆ ಉಟ್ಟು ಬಂದರೆ ಗುಂಪಿನಲ್ಲಿ ಕೂಡಲೇ ಕಣ್ಣಿಗೆ ಬೀಳುತ್ತಾರೆ ಎಂದು ಇಲ್ತುತ್‌ಮಿಶ್ ಒಂದು ನಿಯಮ ಮಾಡಿದ್ದ. ಒಂದು ಶುಕ್ರವಾರ, ಮಸೀದಿಯಲ್ಲಿ ಜನ ಸೇರಿದ್ದಾಗ, ಪಕ್ಕದ ಹಳೆಯ ಅರಮನೆಯ ಮಾಳಿಗೆಯ ಮೇಲೆ ರಜಿಯಾ ಅಂಥ ಬಣ್ಣದ ಉಡುಪಿನಲ್ಲಿ ನಿಂತಳು. ತಂದೆಯ ಒಳ್ಳೆಯ ಕೆಲಸಗಳನ್ನು ನೆನಪಿಸಿ, ನನ್ನ ಸೋದರನನ್ನು ಕೊಂದವನು ಈಗ ನನ್ನನ್ನೂ ಕೊಲ್ಲಲಿದ್ದಾನೆ ಎಂದು ಜನರ ಮುಂದೆ ಹೇಳಿಕೊಂಡಳು. ತಂದೆ ಬಡವರಿಗಾಗಿ ತೆರೆದಿಟ್ಟ ಬಾಗಿಲಲ್ಲಿ ಮಗಳು ಅಹವಾಲು ಹಿಡಿದು ನಿಂತಳು. ಜನ ಎದ್ದರು. ಅರಮನೆಗೆ ನುಗ್ಗಿ ಷಾ ತುರ್ಕಾನಳನ್ನು ಹಿಡಿದರು ಎಂದು ಮಿನ್ಹಾಜನೂ ಬರೆಯುತ್ತಾನೆ. 1236ರ ನವೆಂಬರಿನಲ್ಲಿ ರಜಿಯಾ ಪಟ್ಟವೇರಿದಳು.

ನನ್ನ ಆಳ್ವಿಕೆ ನಿಮಗೆ ಸರಿ ಕಾಣದಿದ್ದರೆ ನನ್ನನ್ನು ಇಳಿಸಿ ಎಂದು ಆಕೆ ಜನರಿಗೆ ಮಾತು ಕೊಟ್ಟಳೆಂದು ಹದಿನಾಲ್ಕನೆಯ ಶತಮಾನದ ಕವಿ ಇಸಾಮಿ ಹೇಳುತ್ತಾನೆ. ದಿಲ್ಲಿಯ ಮತ್ತಾವ ಸುಲ್ತಾನನ ಬಗೆಗೂ ಇಂಥ ಮಾತು ನಮಗೆ ಸಿಗುವುದಿಲ್ಲ. ಕೊಟ್ಟವರು, ಪಡೆದವರು ಇಬ್ಬರೂ ಒಪ್ಪಿದ ಪಟ್ಟ ಅದು. ಹೆಸರಿಗೆ ತಕ್ಕ ಪಟ್ಟ.

ಪಟ್ಟವೇರಿದವಳು ಹೆಸರನ್ನು ಬದಲಿಸಲಿಲ್ಲ. ಒಂದು ತಲೆಮಾರಿನ ನಂತರ ವಾರಂಗಲ್ಲಿನಲ್ಲಿ ಆಳಿದ ಕಾಕತೀಯರ ರುದ್ರಮದೇವಿಯನ್ನು ನೆನೆದರೆ ಇದರ ತೂಕ ತಿಳಿಯುತ್ತದೆ. ಸಮರ್ಥೆಯಾದ ಆ ರಾಣಿ ಶಾಸನಗಳಲ್ಲಿ ರುದ್ರದೇವ ಮಹಾರಾಜ ಎಂಬ ಗಂಡುಹೆಸರಿನಲ್ಲಿ ಕಾಣಿಸಿಕೊಳ್ಳಬೇಕಾಯಿತು. ರಜಿಯಾ ಪರದೆ ಬಿಟ್ಟಳು, ಗಂಡಸರಂತೆ ಕಬಾ ಎಂಬ ನಿಲುವಂಗಿ ತೊಟ್ಟು ಕುಲಾವಿ ಇಟ್ಟು ಆನೆಯ ಮೇಲೆ ಎಲ್ಲರಿಗೂ ಕಾಣುವಂತೆ ಹೊರಟಳು. ಬಂಗಾಳದ ಲಖನೌತಿಯಲ್ಲಿ ಟಂಕಿಸಿದ ನಾಣ್ಯಗಳಲ್ಲಿ ಜಲಾಲತ್-ಉದ್-ದುನಿಯಾ ಎಂಬ ಬಿರುದಿನ ಜೊತೆ ಸುಲ್ತಾನ್ ಎಂಬ ಪದವಿಯನ್ನೇ ಬರೆಸಿದಳು. ದಿಲ್ಲಿಯ ನಾಸಿರಿಯಾ ಮದರಸಾದ ಹೊಣೆಯನ್ನು ಮಿನ್ಹಾಜನಿಗೆ ವಹಿಸಿದ್ದೂ ಇವಳ ಕಾಲದಲ್ಲೇ.

ಕಥೆ ಕೆಟ್ಟದ್ದು ಎಲ್ಲಿ?

ಅಬಿಸೀನಿಯಾ ಮೂಲದ ಜಮಾಲುದ್ದೀನ್ ಯಾಕೂತ್‌ನನ್ನು ರಜಿಯಾ ಅಮೀರ್-ಇ-ಆಖೂರ್, ಅಂದರೆ ಅಶ್ವಶಾಲೆಯ ಮುಖ್ಯಸ್ಥನನ್ನಾಗಿ ಮಾಡಿದಳು. ಕುದುರೆಯೇ ಸೈನ್ಯದ ಬೆನ್ನೆಲುಬಾಗಿದ್ದ ಕಾಲದಲ್ಲಿ ಅದು ದೊಡ್ಡ ಹುದ್ದೆ. ತುರ್ಕಿ ಅಮೀರರು ಅದನ್ನು ತಮ್ಮದೆಂದೇ ಭಾವಿಸಿದ್ದರು. ಕರಿಯ ಮೈಬಣ್ಣದ, ಹೊರಗಿನ ಒಬ್ಬನಿಗೆ ಅದು ಹೋದದ್ದು ಅವರಿಗೆ ಸಹಿಸಲಾಗಲಿಲ್ಲ. ತಮ್ಮ ಕೈಗೊಂಬೆಯಾಗುತ್ತಾಳೆ ಎಂದುಕೊಂಡಿದ್ದವಳು ತಮಗೇ ಎದುರಾಗಿ ಇನ್ನೊಂದು ಬಲವನ್ನು ಕಟ್ಟುತ್ತಿದ್ದಾಳೆ ಎಂಬುದು ಅವರ ನಿಜವಾದ ಸಿಟ್ಟು. 1240ರ ವಸಂತದಲ್ಲಿ ಬಠಿಂಡಾದ ಅಧಿಪತಿ ಅಲ್ತೂನಿಯಾನ ದಂಗೆ ಅಡಗಿಸಲು ಹೋದಾಗ ಯಾಕೂತ್‌ನನ್ನು ಕೊಂದು, ರಜಿಯಾಳನ್ನು ಸೆರೆ ಹಾಕಿದರು. ದಿಲ್ಲಿಯಲ್ಲಿ ಅವಳ ತಮ್ಮ ಬಹರಾಮನನ್ನು ಕೂರಿಸಿದರು. ಹಂಚಿಕೆಯಲ್ಲಿ ಪಾಲು ಸಿಗದ ಅಲ್ತೂನಿಯಾ ರಜಿಯಾಳನ್ನೇ ಮದುವೆಯಾದ. ಇಬ್ಬರೂ ದಿಲ್ಲಿಯ ಮೇಲೆ ದಂಡೆತ್ತಿ ಬಂದು ಸೋತರು. ಅದೇ ವರ್ಷದ ಅಕ್ಟೋಬರಿನಲ್ಲಿ ಈಗಿನ ಹರಿಯಾಣದ ಕೈಥಲ್ ಸಮೀಪ ಕೊಲೆಯಾದರು.

ಸಮಕಾಲೀನನಾದ ಮಿನ್ಹಾಜ್, ಯಾಕೂತನಿಗೆ ಒಲವು ಸಿಕ್ಕಿದ್ದು ಅಮೀರರಿಗೆ ಅಸೂಯೆ ತಂದಿತು ಎಂದಷ್ಟೇ ಬರೆದಿದ್ದಾನೆ. ರಜಿಯಾಳ ವಿವೇಕ, ನ್ಯಾಯ, ದಾನ, ಸೇನೆ ನಡೆಸುವ ಜಾಣ್ಮೆ ಎಲ್ಲವನ್ನೂ ಎಣಿಸಿ, ಗಂಡಾಗಿ ಹುಟ್ಟದವಳಿಗೆ ಈ ಗುಣಗಳಿಂದ ಏನು ಪ್ರಯೋಜನ ಎಂದು ಕೇಳುತ್ತಾನೆ. ಗುಣದಲ್ಲಿ ಕೊರತೆ ಕಾಣದ ಸಾಕ್ಷಿಯೊಬ್ಬ ಹುಟ್ಟಿನಲ್ಲಿ ಕೊರತೆ ಕಂಡ.

ಗಾಳಿಮಾತು ಬೆಳೆದದ್ದು ಆಮೇಲೆ, ಮತ್ತು ಅದರಲ್ಲಿ ನಮ್ಮ ನೆಲದ ಪಾಲೂ ಇದೆ. ಇಸಾಮಿ ಹುಟ್ಟಿನಿಂದ ದಿಲ್ಲಿಯವನು. ಮಹಮ್ಮದ್ ಬಿನ್ ತುಘಲಕ್ ಜನರನ್ನು ದೌಲತಾಬಾದಿಗೆ ಸಾಗಿಸಿದಾಗ ಅವನ ಕುಟುಂಬವೂ ಹೊರಟಿತು. ತೊಂಬತ್ತರ ಅಂಚಿನಲ್ಲಿದ್ದ ಅಜ್ಜ ಮೊದಲ ತಂಗುದಾಣವಾದ ತಿಲಪತ್‌ನಲ್ಲೇ ಪ್ರಾಣ ಬಿಟ್ಟ. ಆ ತಿಲಪತ್ ಇಂದು ರಾಜಧಾನಿ ವಲಯದ ಫರೀದಾಬಾದಿನ ಭಾಗ. ದಕ್ಷಿಣದಲ್ಲಿ ಇಸಾಮಿಗೆ ಆಶ್ರಯ ಸಿಕ್ಕಿದ್ದು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಅಲಾವುದ್ದೀನ್ ಹಸನ್ ಬಹಮನ್ ಷಾನಿಂದ. ಅವನಿಗೇ ಅರ್ಪಿಸಿ 1350ರಲ್ಲಿ ‘ಫುತೂಹ್-ಉಸ್-ಸಲಾತೀನ್’ ಮುಗಿಸಿದ. ರಜಿಯಾ ಕುದುರೆ ಏರುವಾಗ ಯಾಕೂತ್ ಕೈಕೊಡುತ್ತಿದ್ದ ಎಂಬ ಚಿತ್ರ ಬರುವುದು ಈ ಕಾವ್ಯದಲ್ಲಿ, ಆಕೆ ಸತ್ತು ನೂರಹತ್ತು ವರ್ಷವಾದ ಮೇಲೆ. ಹೆಣ್ಣಿಗೆ ಕಿರೀಟ ಒಪ್ಪುವುದಿಲ್ಲ, ಅವಳು ಚರಕದ ಮುಂದೆ ಕೂರಲಿ ಎಂಬ ಉಪದೇಶವೂ ಅಲ್ಲೇ ಇದೆ. ಭಾರತದಲ್ಲಿ ನೂಲುವ ಚರಕದ ಅತಿ ಹಳೆಯ ಉಲ್ಲೇಖ ಇದೇ ಎಂದು ಇತಿಹಾಸಕಾರ ಇರ್ಫಾನ್ ಹಬೀಬ್ ಗುರುತಿಸಿದ್ದಾರೆ. ಒಬ್ಬ ರಾಣಿಯನ್ನು ಹೀಗಳೆಯಲು ಬರೆದ ಸಾಲು ತಂತ್ರಜ್ಞಾನದ ಚರಿತ್ರೆಗೆ ದಾಖಲೆಯಾಯಿತು.

ಬುಲ್ಬುಲಿ ಖಾನಾದ ಎರಡು ಗೋರಿ

ದಿಲ್ಲಿಗೆ ಪ್ರವಾಸ ಹೋದವರು ಮೆಹ್ರೌಲಿಯ ಕುತುಬ್ ಮಿನಾರ್ ತಪ್ಪಿಸಿಕೊಳ್ಳುವುದಿಲ್ಲ. ಆ ಆವರಣದಲ್ಲೇ ಇಲ್ತುತ್‌ಮಿಶ್‌ನ ಗೋರಿ ಇದೆ. ಒಳಗೋಡೆಗಳಲ್ಲಿ ಬೆರಳಿಡಲೂ ಜಾಗ ಬಿಡದಂತೆ ಕೆತ್ತನೆ. 1993ರಲ್ಲಿ ಇಡೀ ಆವರಣ ವಿಶ್ವ ಪರಂಪರೆಯ ಪಟ್ಟಿ ಸೇರಿತು. ತಂದೆ ಅಲ್ಲಿದ್ದಾನೆ. ಮಗಳನ್ನು ನೋಡಬೇಕಾದರೆ ಹಳೆ ದಿಲ್ಲಿಗೆ ಬರಬೇಕು.

ರಾಮಲೀಲಾ ಮೈದಾನದ ಎದುರು, ಆಸಫ್ ಅಲಿ ರಸ್ತೆಯ ಅಂಚಿಗೆ ತುರ್ಕಮಾನ್ ಗೇಟ್. ರಜಿಯಾ ಸತ್ತ 1240ರಲ್ಲೇ ತೀರಿಕೊಂಡ ಸೂಫಿ ಷಾ ತುರ್ಕಮಾನರ ಹೆಸರು ಆ ಬಾಗಿಲಿಗೆ. ಒಳಹೊಕ್ಕು, 1387ರ ಕಲಾನ್ ಮಸೀದಿಯ ಸುತ್ತಿನ ಗಲ್ಲಿಗಳನ್ನು ಹಾದು, ಬುಲ್ಬುಲಿ ಖಾನಾ ಮೊಹಲ್ಲಾ ಸೇರಿದರೆ ಎತ್ತರದ ಮನೆಗಳ ನಡುವೆ ಒಂದು ಬಯಲು ಅಂಗಳ. ಮೇಲೆ ಚಾವಣಿಯಿಲ್ಲ, ಗುಮ್ಮಟವಿಲ್ಲ. ಕಲ್ಲಿನ ಎರಡು ಗೋರಿ. ಒಂದು ರಜಿಯಾಳದು, ಇನ್ನೊಂದು ಅವಳ ತಂಗಿ ಸಾಜಿಯಾಳದು ಎಂದು ಹೇಳಿಕೆ. ಓಣಿಯ ಜನರ ಬಾಯಲ್ಲಿ ಇದು ರಾಜಿ-ಸಾಜಿ ದರ್ಗಾ. ಭಾರತೀಯ ಪುರಾತತ್ವ ಸರ್ವೇಕ್ಷಣದ ರಕ್ಷಣೆಯಲ್ಲಿದ್ದರೂ ಗಲ್ಲಿ ಗಲ್ಲಿ ಕೇಳಿಕೊಂಡೇ ತಲುಪಬೇಕಾದ ಜಾಗ. ಕೈಥಲ್ ಮತ್ತು ರಾಜಸ್ಥಾನದ ಟೋಂಕ್ ಕೂಡ ಆಕೆಯ ಗೋರಿ ತಮ್ಮಲ್ಲಿದೆ ಎನ್ನುತ್ತವೆ. ಯಮುನೆಯ ದಂಡೆಯಲ್ಲಿ ಆಕೆಯ ಗೋರಿಗೆ ಗುಮ್ಮಟವಿತ್ತು, ಜನ ಅಲ್ಲಿಗೆ ಹರಕೆ ಹೊತ್ತು ಬರುತ್ತಿದ್ದರು ಎಂದು ಇಬ್ನ್ ಬತೂತ ಬರೆದಿದ್ದಾನೆ. ಈಗ ಹಳೆ ದಿಲ್ಲಿ ಎನ್ನುವ ಷಾಜಹಾನಾಬಾದ್ ನಗರ ಏಳತೊಡಗಿದ್ದು 1639ರಿಂದ ಈಚೆಗೆ. ಅಂದರೆ ಬುಲ್ಬುಲಿ ಖಾನಾದ ಗೋರಿ ಆಕೆಯದೇ ಆದರೆ, ಈ ಓಣಿಗಳಿಗೆಲ್ಲ ಹಿರಿಯಳು ಆಕೆ.

ಅದೇ ಶತಮಾನದ ಬೇರೆ ಹೆಂಗಸರನ್ನು ದಿಲ್ಲಿ ಭಕ್ತಿಯಿಂದ ಕಾಪಾಡಿಕೊಂಡಿದೆ. ನಿಜಾಮುದ್ದೀನ್ ಔಲಿಯಾರ ತಾಯಿ ಬೀಬಿ ಜುಲೇಖಾರ ದರ್ಗಾ ಅಧಚಿನಿಯಲ್ಲಿದೆ. ಸಂತಳಾಗಿ ಬಾಳಿದ ಬೀಬಿ ಫಾತಿಮಾ ಸಾಮ್ ಅವರದು ಕಾಕಾ ನಗರದಲ್ಲಿ. ಇವತ್ತಿಗೂ ಹೆಂಗಸರು ಅಲ್ಲಿಗೆ ದೀಪ, ಹೂವು ತರುತ್ತಾರೆ. ತಾಯಿಯನ್ನೂ ಸಂತಳನ್ನೂ ಸಲಹಿದ ನಗರ ತನ್ನನ್ನು ಆಳಿದವಳನ್ನು ಓಣಿಯ ಪಾಲಿಗೆ ಬಿಟ್ಟಿತು.

ಹೆಸರಿನ ಏಳು ಬೀಳು

ಗೋರಿ ಮಸುಕಾದರೂ ಹೆಸರು ಹರಡಿತು. ಉತ್ತರ ಭಾರತದಲ್ಲಿ ಇಪ್ಪತ್ತನೆಯ ಶತಮಾನದುದ್ದಕ್ಕೂ ಹೆಣ್ಣುಮಕ್ಕಳಿಗೆ ರಜಿಯಾ ಖಾತೂನ್, ರಜಿಯಾ ಬೇಗಂ, ರಜಿಯಾ ಸುಲ್ತಾನಾ ಎಂದು ಇಡುತ್ತ ಬಂದರು. ಈ ಕೊನೆಯದು ನೇರವಾಗಿ ರಾಣಿಯಿಂದ ಬಂದದ್ದು. ಮನೆಯಲ್ಲಿ ರಾಜ್ಯವಿಲ್ಲ, ಸಿಂಹಾಸನವಿಲ್ಲ. ಆದರೂ ರಿಕ್ಷಾ ಎಳೆಯುವವರ, ಜರಿ ಕೆಲಸದವರ ಮಗಳು ಶಾಲೆಯ ಹಾಜರಿಯಲ್ಲಿ ಸುಲ್ತಾನಾ. ಸಾಹಿತ್ಯದಲ್ಲಿ ಈ ಹೆಸರಿಗೆ ಗೌರವ ತಂದವರು ರಜಿಯಾ ಸಜ್ಜಾದ್ ಜಹೀರ್. ಅಜ್ಮೇರಿನಲ್ಲಿ ಹುಟ್ಟಿ, ಕೊನೆಯ ವರ್ಷಗಳನ್ನು ದಿಲ್ಲಿಯಲ್ಲಿ ಕಳೆದು 1979ರಲ್ಲಿ ತೀರಿಕೊಂಡ ಉರ್ದು ಕಥೆಗಾರ್ತಿ. ಲಾಹೋರಿನ ಉಪ್ಪನ್ನು ಗಡಿ ದಾಟಿಸುವ ಅವರ ‘ನಮಕ್’ ಕಥೆಯನ್ನು ಹನ್ನೆರಡನೆಯ ತರಗತಿಯ ಹಿಂದಿ ಪಠ್ಯದಲ್ಲಿ ದೇಶದುದ್ದಕ್ಕೂ ಮಕ್ಕಳು ಓದಿದ್ದಾರೆ. ಕನ್ನಡದಲ್ಲೂ ಒಬ್ಬ ರಜಿಯಾ ಇದ್ದಾಳೆ. ಬಾನು ಮುಷ್ತಾಕ್ ಅವರ ‘ಕೆಂಪು ಲುಂಗಿ’ ಕಥೆಯಲ್ಲಿ, ಬೇಸಿಗೆ ರಜೆಗೆ ಮನೆ ತುಂಬಿದ ಮಕ್ಕಳ ಗಲಾಟೆಯಲ್ಲಿ ತಲೆ ಹಿಡಿದುಕೊಂಡು ಕೂತ ಹಿರಿಯ ಹೆಣ್ಣು. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಸಂಕಲನದ ಮೂಲಕ ಹಾಸನದ ಲೇಖಕಿಯ ಈ ರಜಿಯಾ ಲೋಕವನ್ನೆಲ್ಲ ಸುತ್ತಿ ಬಂದಳು.

ಹೆಸರಿಗೆ ಪೆಟ್ಟು ಬಿದ್ದದ್ದು ಸಿನಿಮಾದಿಂದ ಮತ್ತು ಬೀದಿಯಿಂದ. ಕಮಾಲ್ ಅಮ್ರೋಹಿ 1983ರಲ್ಲಿ ಹೇಮಾಮಾಲಿನಿಯನ್ನು ಇಟ್ಟುಕೊಂಡು ‘ರಜಿಯಾ ಸುಲ್ತಾನ್’ ತೆಗೆದರು. ಖಯ್ಯಾಮರ ಸಂಗೀತ ಉಳಿಯಿತು, ಚಿತ್ರ ಓಡಲಿಲ್ಲ. ಅದರ ನಡುಗಂಬ ಯಾಕೂತನ ಪ್ರೇಮ. ಇಸಾಮಿಯ ಕೈಯಲ್ಲಿ ಮೊಳೆತ ಗಾಳಿಮಾತು ಪರದೆಯ ಮೇಲೆ ರಾಣಿಯ ಇಡೀ ಬದುಕಾಯಿತು. ಜನರ ಮುಂದೆ ನಿಂತು ನ್ಯಾಯ ಕೇಳಿದ ಆ ಶುಕ್ರವಾರಕ್ಕೆ ನಮ್ಮ ಮನಸ್ಸಿನಲ್ಲಿ ಜಾಗ ಉಳಿಯಲಿಲ್ಲ. ಇನ್ನು ಹಿಂದಿಯ ಬೀದಿಮಾತಿನಲ್ಲಿ, ಗೂಂಡಾಗಳ ನಡುವೆ ಸಿಕ್ಕಿಬಿದ್ದ ಹುಡುಗಿ ಎಂದು ಹಾಸ್ಯಕ್ಕೆ ಬಳಸುವ ಪಡೆನುಡಿಯಲ್ಲಿ ಬರುವುದೂ ರಜಿಯಾಳ ಹೆಸರೇ. 2011ರಲ್ಲಿ ಅದೇ ಒಂದು ಚಿತ್ರದ ಕುಣಿತದ ಹಾಡಾಯಿತು. ಈ ಹೆಸರಿನ ಹುಡುಗಿಯೊಬ್ಬಳು ಕಾಲೇಜಿನ ಮೆಟ್ಟಿಲು ಹತ್ತುವಾಗ ಹಿಂದಿನಿಂದ ಆ ಸಾಲು ಕೇಳಿಬಂದರೆ ಅವಳಿಗೆ ಏನನ್ನಿಸಬೇಕು? ಸೇನೆಯ ಮುಂದೆ ಆನೆಯೇರಿ ಹೋದವಳ ಹೆಸರನ್ನು ಅಸಹಾಯಕ ಹೆಣ್ಣಿನ ಗುರುತಾಗಿ ಮಾಡಿದ್ದು ದೊಡ್ಡ ಅನ್ಯಾಯ. ಇದನ್ನು ನಗೆಯೆಂದು ಬಿಡಲಾಗದು.

ಈಗ ಜಾಮಿಯಾ ನಗರದಲ್ಲಾಗಲಿ, ನೋಯ್ಡಾ, ಗುರುಗ್ರಾಮದ ಅಪಾರ್ಟ್‌ಮೆಂಟುಗಳಲ್ಲಾಗಲಿ ಹಸುಗೂಸಿಗೆ ರಜಿಯಾ ಎಂದು ಕೂಗುವುದು ಅಪರೂಪ. ಜೋಯಾ, ಇನಾಯಾ, ಆಯತ್, ಅಲೀನಾ ಎಂಬ ಹೆಸರುಗಳು ಮುಂದೆ ಬಂದಿವೆ. ಚಿಕ್ಕದಿರಬೇಕು, ಹೊರದೇಶದಲ್ಲೂ ನಾಲಿಗೆಗೆ ಸುಲಭವಾಗಬೇಕು, ಕೇಳಿದ ಕೂಡಲೇ ಹಳೆಯ ಕಾಲದ್ದೆನಿಸಬಾರದು ಎಂಬುದು ಇಂದಿನ ತಾಯ್ತಂದೆಯರ ಆಸೆ. ಕೆಲವರಿಗೆ ಇನ್ನೊಂದು ಲೆಕ್ಕವೂ ಇದೆ. ಬಾಡಿಗೆ ಮನೆ ಕೇಳುವಾಗ, ಕೆಲಸಕ್ಕೆ ಅರ್ಜಿ ಹಾಕುವಾಗ ಹೆಸರು ಮೊದಲೇ ಧರ್ಮವನ್ನು ಕೂಗಿ ಹೇಳದಿರಲಿ ಎಂಬ ಅಂಜಿಕೆ. ನಮ್ಮ ಬೆಂಗಳೂರು, ಮಂಗಳೂರುಗಳಲ್ಲೂ ಇದೇ ಮಾತು ಕೇಳುತ್ತದೆ. ಹೆಸರೊಂದು ಹಿಂದೆ ಸರಿಯುವುದಕ್ಕೆ ರುಚಿ ಬದಲಾದದ್ದು ಕಾರಣವಾದರೆ ಬೇಸರವಿಲ್ಲ. ಅಂಜಿಕೆ ಕಾರಣವಾದರೆ ಅದು ಸಮಾಜಕ್ಕೆ ಶೋಭೆಯಲ್ಲ.

ಮೀರತ್ತಿನ ಸುಲ್ತಾನ

ರಾಜಧಾನಿ ವಲಯಕ್ಕೆ ಸೇರಿದ ಮೀರತ್ ಜಿಲ್ಲೆ ಆಟದ ಸಾಮಾನಿಗೆ ಹೆಸರುವಾಸಿ. ಅಲ್ಲಿನ ಹಳ್ಳಿಮನೆಗಳಲ್ಲಿ ಚರ್ಮದ ತುಂಡುಗಳನ್ನು ಕೈಹೊಲಿಗೆಯಲ್ಲಿ ಜೋಡಿಸಿ ಚೆಂಡು ಮಾಡುವ ಕೆಲಸಕ್ಕೆ ಮಕ್ಕಳನ್ನೂ ಕೂರಿಸುತ್ತಿದ್ದರು. ಅಂಥ ಹಳ್ಳಿಯ ಒಬ್ಬ ಹುಡುಗಿ ಎಳೆಯ ವಯಸ್ಸಿನಲ್ಲೇ ಸೂಜಿ ಹಿಡಿದಳು. ಬಚಪನ್ ಬಚಾವೋ ಆಂದೋಲನ ಎಂಬ ಸಂಘಟನೆ ಆಕೆಯನ್ನು ಆ ಕೆಲಸದಿಂದ ಬಿಡಿಸಿತು. ಆಕೆ ಶಾಲೆಗೆ ಹೋದಳು, ಆಮೇಲೆ ಮನೆಮನೆಗೆ ತಿರುಗಿ ಬೇರೆ ಮಕ್ಕಳನ್ನೂ ಶಾಲೆಗೆ ಕರೆತಂದಳು. 2013ರ ಜುಲೈನಲ್ಲಿ, ಹದಿನೈದರ ಪ್ರಾಯದಲ್ಲಿ, ಮಲಾಲಾ ದಿನದ ಅಂಗವಾಗಿ ವಿಶ್ವಸಂಸ್ಥೆಯ ಜಾಗತಿಕ ಶಿಕ್ಷಣ ರಾಯಭಾರಿ ಕೊಟ್ಟ ಮೊದಲ ಯುವ ಧೈರ್ಯ ಪ್ರಶಸ್ತಿ ಆಕೆಗೆ ಬಂತು. ಆಕೆಯ ಹೆಸರು ರಜಿಯಾ ಸುಲ್ತಾನ್.

ಸುಮಾರು ಏಳುನೂರು ವರ್ಷದ ಹಿಂದೆ ಹೆಣ್ಣಿಗೆ ಚರಕವೇ ಸಾಕು ಎಂದು ಬರೆದ ಕವಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ಸೂಜಿ ಕೆಳಗಿಟ್ಟು ಪುಸ್ತಕ ಹಿಡಿದವಳು ಅದೇ ರಾಣಿಯ ಹೆಸರಿನವಳು. ಸಿಕ್ಕಿದ್ದಕ್ಕೆ ತಲೆಬಾಗುವುದೇ ತೃಪ್ತಿ ಎಂದು ಹೆಣ್ಣುಮಕ್ಕಳಿಗೆ ಹೇಳಿಕೊಡುವವರು ಬಹಳ. ಇಬ್ಬರು ರಜಿಯಾರೂ ಅದನ್ನು ಒಪ್ಪಲಿಲ್ಲ. ತಮಗೆ ಸಲ್ಲಬೇಕಾದದ್ದನ್ನು ಎದ್ದುನಿಂತು ಕೇಳಿದರು.

ಹೀಗಾಗಿ ಮೂರು ಮಾತು ಹೇಳಬೇಕು. ಪುರಾತತ್ವ ಇಲಾಖೆ ಮತ್ತು ದಿಲ್ಲಿ ಸರ್ಕಾರ ತುರ್ಕಮಾನ್ ಗೇಟಿನಿಂದ ಗೋರಿಯವರೆಗೆ ದಾರಿ ತೋರುವ ಫಲಕಗಳನ್ನು ಹಾಕಲಿ, ಆಕೆ ಯಾರೆಂದು ನಾಲ್ಕು ಭಾಷೆಯಲ್ಲಿ ಬರೆಸಲಿ. ಶಾಲೆಯಲ್ಲಿ ಪಾಠ ಮಾಡುವವರು ಯಾಕೂತನ ಕಥೆಗೆ ಮುನ್ನ ಬಣ್ಣದ ಉಡುಪಿನ ಆ ಶುಕ್ರವಾರವನ್ನು ಮಕ್ಕಳಿಗೆ ಹೇಳಲಿ. ದಿಲ್ಲಿಗೆ ಹೋಗುವ ಕನ್ನಡಿಗರು ಕುತುಬ್ ಮಿನಾರ್ ನೋಡಿದ ದಿನವೇ ಒಂದು ತಾಸು ಉಳಿಸಿಕೊಂಡು ಬುಲ್ಬುಲಿ ಖಾನಾದ ದಾರಿ ಕೇಳಿ ಹೋಗಲಿ. 1206ರಿಂದ 1857ರವರೆಗಿನ ಆರೂವರೆ ಶತಮಾನದಲ್ಲಿ ದಿಲ್ಲಿಯ ಗಾದಿಯ ಮೇಲೆ ಸ್ವಂತ ಹೆಸರಿನಲ್ಲಿ ಕೂತು ಆಳಿದ ಹೆಣ್ಣು ಅವಳೊಬ್ಬಳೇ.